ಅಜ್ಜಯ್ಯನ ದಾರಿಯಲ್ಲೊಂದು ತಡಮೆ

ಈ ಜಾಗಕ್ಕೆ ಬಂದ ಮೊದಲ ಬೆಳಗ್ಗೆ ಬಾಗಿಲು ತೆಗೆದರೆ ಅಂಗಳದ ತುಂಬ ಜನ. ಒಬ್ಬ ಅಜ್ಜ ನಮ್ಮ ಹಂಡೆಯ ನೀರಿನಲ್ಲಿ ಮುಖ ತೊಳೆಯುತ್ತಿದ್ದ. ಇಬ್ಬರು ಹೆಂಗಸರು ನನ್ನ ಜಗಲಿಯ ಮೇಲೆ ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಯಾರ ಮುಖದಲ್ಲೂ ಗಾಬರಿ ಇಲ್ಲ. ಗಾಬರಿ ಇದ್ದದ್ದು ನನಗೊಬ್ಬಳಿಗೇ. "ಯಾರು ನೀವು?" ಎಂದು ಕೇಳಿದೆ. ರೊಟ್ಟಿ ಮುರಿಯುತ್ತಿದ್ದ ಹೆಂಗಸು ತಲೆಯೆತ್ತಿ, "ಬರ್ರಿ ಅಕ್ಕಾರ, ಕೂಡ್ರಿ. ರೊಟ್ಟಿ ತಿಂತೀರೇನು?" ಎಂದು ನನ್ನ ಜಗಲಿಗೆ ನನ್ನನ್ನೇ ಕರೆದಳು!

ಕುಂದಾಪುರದ ಕಡೆಯ ನನ್ನ ಜನರೇ, ನಮ್ಮಲ್ಲಿ ಹೀಗಾಗುವುದುಂಟೇ? ಮನೆ ಸುತ್ತ ಕೆಂಪು ಕಲ್ಲಿನ ಪಾಗಾರ, ಅದಕ್ಕೊಂದು ಗೇಟು, ಗೇಟಿನ ಒಳಗೊಂದು ನಾಯಿ. ಪಕ್ಕದ ಮನೆಯವರೂ ಹೊರಗೆ ನಿಂತು ಕೂಗಿಯೇ ಒಳಗೆ ಬರುತ್ತಾರೆ. ಇಲ್ಲಿ ನೋಡಿದರೆ ಪಾಗಾರ ಹಾಗಿರಲಿ, ಒಂದು ಮುಳ್ಳುಕಡ್ಡಿಯೂ ಇಲ್ಲ. ಕಪ್ಪು ಮಣ್ಣಿನ ಬಯಲು ಹೊಳೆಯ ತನಕ ಹಾಸಿಕೊಂಡು ಬಿದ್ದಿದೆ. ಅವತ್ತು ಅಮಾವಾಸ್ಯೆ. ತುಂಗಭದ್ರೆಯ ದಡದ ಉಕ್ಕಡಗಾತ್ರಿಗೆ ಜನ ನಡೆದು ಹೊರಟಿದ್ದರು. ಅಲ್ಲಿರುವ ಕರಿಬಸವೇಶ್ವರನನ್ನು ಇಲ್ಲಿಯವರು ಅಜ್ಜಯ್ಯ ಎನ್ನುತ್ತಾರೆ, ಮನೆಯ ಹಿರಿಯನನ್ನು ಕರೆದಂತೆ. ಆ ಅಜ್ಜಯ್ಯನ ಕಾಲುದಾರಿ ನಮ್ಮ ಅಂಗಳದಲ್ಲೇ ಹಾದುಹೋಗುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

ನಾನು ಇಲ್ಲಿಗೆ ಹೇಗೆ ಬಂದೆ ಎಂಬುದನ್ನೂ ಹೇಳಿಬಿಡುತ್ತೇನೆ, ಊರಿನಲ್ಲಿ ತಲೆಗೊಂದು ಕಥೆ ಕಟ್ಟಿದ್ದಾರಂತೆ. ದಾವಣಗೆರೆಯ ವಿದ್ಯಾನಗರದಲ್ಲಿ ಹುಡುಗಿಯರ ಹಾಸ್ಟೆಲ್ ಒಂದಕ್ಕೆ ವಾರ್ಡನ್ ಆಗಿ ಬಂದವಳು ನಾನು. ಅಲ್ಲಿಗೆ ಹಾಲು ತಂದು ಹಾಕುತ್ತಿದ್ದವನು ವೀರೇಶ. ಹಾಲು ನೀರಾಗಿದೆ ಎಂದು ದಿನಾ ಜಗಳ ತೆಗೆಯುತ್ತಿದ್ದೆ. ಒಂದು ದಿನ ಅವನು, "ಮೇಡಂ, ನೀವೇ ಬಂದು ಹಾಲು ಕರೆಯೋದು ನೋಡ್ರಿ" ಎಂದ. ಹೋದೆ, ನೋಡಿದೆ, ಮದುವೆಯಾದೆ. ಅವರದು ಮಂಡಕ್ಕಿ ಭಟ್ಟಿಯ ಮನೆತನ. ಅಣ್ಣತಮ್ಮಂದಿರೆಲ್ಲ ಮಂಡಕ್ಕಿ ಹುರಿಯುವಾಗ ಇವನೊಬ್ಬನಿಗೆ ಮಾತ್ರ ದನದ ಹುಚ್ಚು. ಅದೂ ಕೊಟ್ಟಿಗೆಯಲ್ಲಿ ಕಟ್ಟಿ ಹಾಕುವ ದನವಲ್ಲ, ಬಯಲಿನಲ್ಲಿ ಬಿಟ್ಟು ಮೇಯಿಸುವ ನಾಟಿ ದನ. ಹರಿಹರ ದಾಟಿ ಹೊಳೆದಂಡೆಯಲ್ಲಿ ಗಂಗವ್ವ ಎಂಬ ಹಿರಿಯರ ಬಯಲನ್ನು ಗುತ್ತಿಗೆಗೆ ಹಿಡಿದು, ದನದ ಮಂದೆಯ ಜೊತೆ ನನ್ನನ್ನೂ ಅಲ್ಲಿಗೆ ಹೊಡೆದುಕೊಂಡು ಬಂದ.

ಇಲ್ಲಿಯ ಬೇಸಿಗೆಯ ಬಗ್ಗೆ ಏನು ಹೇಳಲಿ? ನಮ್ಮ ಸೆಕೆ ಬೆವರಿಳಿಸುತ್ತದೆ, ಇಲ್ಲಿಯ ಬಿಸಿಲು ಬೆವರನ್ನೂ ಕುಡಿದುಬಿಡುತ್ತದೆ. ಒಗೆದ ಸೀರೆ ಹಿಂಡಿ ಹರವಿ ತಿರುಗುವುದರೊಳಗೆ ಹಪ್ಪಳ. ಕೆಲಸವೆಲ್ಲ ಬೆಳಗಿನ ಜಾವ ಶುರುವಾಗಿ ಹೊತ್ತು ಏರುವ ಮುಂಚೆ ಮುಗಿಯಬೇಕು. ಆಮೇಲೆ ದನಗಳು ಹೊಳೆಯ ಮಡುವಿನಲ್ಲಿ ಮೂಗಿನ ತನಕ ಮುಳುಗುತ್ತವೆ, ನಾವು ಬೇವಿನ ಮರದ ಕೆಳಗೆ ಮಲಗುತ್ತೇವೆ. ಗಂಜಿ ಊಟದವಳಿಗೆ ರೊಟ್ಟಿ ಬಡಿಯುವುದು ಒಲಿಯಲು ಬಹಳ ದಿನ ಹಿಡಿಯಿತು. ನನ್ನ ಮೊದಲ ರೊಟ್ಟಿಗಳನ್ನು ವೀರೇಶ ಹೊಗಳುತ್ತಲೇ ದನಕ್ಕೆ ಹಾಕಿದ. ಇನ್ನು ಮೀನಿನ ವಿಷಯ ಕೇಳಲೇಬೇಡಿ. ಈ ಮನೆಯಲ್ಲಿ ಅದರ ಹೆಸರೆತ್ತುವಂತಿಲ್ಲ. ಹೊಳೆ ನೋಡಿದಾಗಲೆಲ್ಲ ನನ್ನ ಹೊಟ್ಟೆ ಚುರುಕ್ ಎನ್ನುತ್ತದೆ, ಕಣ್ಣು ನೀರಿನ ಮೇಲೇ ನೆಡುತ್ತದೆ; ಆಗಾಗ ಬಂದುಹೋಗುವ ಅತ್ತೆ ಅದನ್ನು ಹೊಳೆಯ ಮೇಲಿನ ಭಕ್ತಿ ಎಂದುಕೊಂಡಿದ್ದಾರೆ.

ಮಾತಿನ ಕಷ್ಟ ಬೇರೆ. ಕನ್ನಡದವಳು ಕನ್ನಡದ ಊರಿಗೇ ಬಂದರೂ ಹರಿಹರದ ಸಂತೆಯಲ್ಲಿ ನಾನು ಬಾಯಿ ತೆರೆದರೆ ಜನ ತಿರುಗಿ ನೋಡುತ್ತಿದ್ದರು. "ಅಕ್ಕಾರು ಪುಸ್ತಕ ಓದಿದಂಗ ಮಾತಾಡ್ತಾರೆ" ಎಂದು ನಗುತ್ತಿದ್ದರು. ಸಂಜೆ ಹೊತ್ತು ಹೊಳೆಯ ಕಡೆಯಿಂದ ಗಾಳಿ ಬೀಸುವಾಗ ಉಪ್ಪಿನ ವಾಸನೆ ಹುಡುಕುತ್ತಿದ್ದೆ, ಸಿಗುತ್ತಿರಲಿಲ್ಲ. ಒಂದೆರಡು ಸಲ ಅತ್ತಿದ್ದೂ ಉಂಟು. ಆದರೆ ಬೆಳಗ್ಗೆ ಎದ್ದರೆ ನಮ್ಮ ಮಂದೆಯ ಹಿರಿಯ ಆಕಳು ಕೆಂಪಿ ಬಾಗಿಲಿಗೆ ಬಂದು ನಿಂತಿರುತ್ತಿದ್ದಳು. ಅವಳ ಕೊರಳು ತುರಿಸುತ್ತ ನಿಂತರೆ ಬೇಸರ ಹೇಗೋ ಇಳಿದುಹೋಗುತ್ತಿತ್ತು.

ಇದೇ ಕೆಂಪಿ ನಮ್ಮನ್ನು ಪೇಚಿಗೆ ಸಿಕ್ಕಿಸಿದ್ದು. ನಮ್ಮ ಬಯಲಿನ ಪಕ್ಕಕ್ಕೇ ಗಂಗವ್ವನ ಬೇಸಿಗೆ ಭತ್ತದ ಗದ್ದೆ. ಸುತ್ತ ಎಲ್ಲ ಒಣಗಿ ಕರಕಲಾಗಿರುವಾಗ ಅದೊಂದೇ ಹಸಿರು. ಕೆಂಪಿ ಸುಮ್ಮನಿರುತ್ತಾಳೆಯೇ? ಮಂದೆಯನ್ನೆಲ್ಲ ಕಟ್ಟಿಕೊಂಡು ನುಗ್ಗಿದಳು. ಗಂಗವ್ವ ಕೊಡೆ ಹಿಡಿದು ಬಂದರು, ಜಗಲಿ ಮೇಲೆ ಕೂತು ಮಜ್ಜಿಗೆ ಕುಡಿದರು, ಲೋಟ ಕೆಳಗಿಟ್ಟು ಹೇಳಿದರು.

"ನೋಡಪ್ಪಾ ವೀರೇಶ, ಸಿಟ್ಟಿಲ್ಲ. ಮಳಿ ಬೀಳೋದ್ರಾಗೆ ಬೇಲಿ ಹಾಕ್ರಿ. ಇಲ್ಲಾಂದ್ರೆ ಜಾಗ ಬಿಡ್ರಿ."

ಜಾಗ ಬಿಟ್ಟರೆ ಇಷ್ಟು ದನ ಮೇಯಿಸಲು ಇನ್ನೆಲ್ಲಿ ಹೋಗುವುದು? ಮಾರಬೇಕು, ವಿದ್ಯಾನಗರದ ಬಾಡಿಗೆ ಮನೆಗೆ ಮರಳಬೇಕು. ವೀರೇಶನ ಮುಖ ಬಾಡಿತು. ನನಗೆ ಅಚ್ಚರಿಯಾದದ್ದು ಬೇರೆ. ಇಲ್ಲಿಗೆ ಮನಸ್ಸಿಲ್ಲದೆ ಬಂದವಳಿಗೆ ಈಗ ಬಿಟ್ಟುಹೋಗಲು ಮನಸ್ಸಿಲ್ಲ. ಕೆಂಪಿಯನ್ನು ಬೇರೆಯವರು ಹಗ್ಗ ಹಿಡಿದು ಎಳೆದುಕೊಂಡು ಹೋಗುವುದನ್ನು ನೆನೆಯಲೂ ನಾನು ಸಿದ್ಧಳಿರಲಿಲ್ಲ. "ಬೇಲಿ ತಾನೇ? ಹಾಕುವ!" ಎಂದೆ.

ನಮ್ಮ ಕಡೆ ಬೇಲಿ ಎಂದರೆ ಸುಲಭ. ಮಳೆಗಾಲದ ಬಾಗಿಲಿನಲ್ಲಿ ಹಸಿ ಗೂಟ ನೆಟ್ಟರೆ ಅದೇ ಚಿಗುರಿ ಬೇಲಿಯಾಗುತ್ತದೆ. ಹೊಳೆದಂಡೆಯಲ್ಲಿ ಗೂಟ ಕಡಿದು ಹಾಗೇ ನೆಡಿಸಿದೆ. ಸಂಜೆಗೆ ಎಲೆ ಬಾಡಿತು, ಮರುದಿನ ಗೂಟ ಒಣಗಿತು, ಅದರ ಮರುದಿನ ಕೆಂಪಿ ಮೈ ತುರಿಸಿಕೊಂಡು ಸಾಲಿಗೆ ಸಾಲೇ ಉರುಳಿಸಿದಳು. ಬೇಲಿ ಕೆಲಸಕ್ಕೆ ಬಂದ ದುರ್ಗಪ್ಪ ಅದನ್ನು ನೋಡಿ, "ಅಕ್ಕಾರು ಒಲಿಗೆ ಕಟ್ಟಿಗಿ ರೆಡಿ ಮಾಡ್ಯಾರೆ" ಎಂದ. ಇಲ್ಲಿಯ ಬೇಲಿ ಎಂದರೆ ಕಲ್ಲುಕಂಬ, ಅದಕ್ಕೆ ಮುಳ್ಳುತಂತಿ. ಬೇಸಿಗೆಯ ಎರೆಮಣ್ಣು ಹಾರೆಗೆ ಬಗ್ಗುವುದಿಲ್ಲ, ಠಣ್ ಎನ್ನುತ್ತದೆ. ಸಂಜೆಯೇ ಗುರುತು ಹಾಕಿ ಕೊಡಪಾನದಲ್ಲಿ ನೀರು ಹುಯ್ದಿಟ್ಟರೆ ಬೆಳಗಿನ ಜಾವಕ್ಕೆ ಮಣ್ಣು ಮೆತ್ತಗಾಗಿರುತ್ತದೆ. ಆಗ ಗುಂಡಿ ತೋಡಿ, ಕಂಬ ನಿಲ್ಲಿಸಿ, ಸುತ್ತ ಗರಸು, ಅಂದರೆ ಸಣ್ಣ ಕಲ್ಲಿನ ಮಣ್ಣು, ತುಂಬಿ ಬಡಿಯಬೇಕು. ಬರೀ ಎರೆಮಣ್ಣು ತುಂಬಿದರೆ ಮಳೆಗಾಲದಲ್ಲಿ ಕಂಬಗಳು ಕುಡಿದವರ ಹಾಗೆ ವಾಲುತ್ತವಂತೆ. ನೀರು ಹುಯ್ಯುವ ಕೆಲಸ ನನ್ನದು. ಒಂದು ದಿನ ಬಿಸಿಲಿನಲ್ಲಿ ಬಿದ್ದಿದ್ದ ಹಾರೆಗೆ ಕೈ ಹಾಕಿ ಅಂಗೈ ಚುರುಗುಟ್ಟಿಸಿಕೊಂಡೆ. ಅಂದಿನಿಂದ ಹಾರೆಗಳೂ ನಮ್ಮ ಜೊತೆ ಬೇವಿನ ಮರದ ಕೆಳಗೆ ಮಲಗತೊಡಗಿದವು.

ಬೇಲಿ ಮುಗಿಯಿತು. ಅಜ್ಜಯ್ಯನ ದಾರಿ ನನಗೆ ನೆನಪಿತ್ತು, ಆ ದಾರಿ ಬಯಲು ದಾಟಿ ಗದ್ದೆಯ ಬದುವಿಗೆ ಸೇರುವಲ್ಲಿ ಒಂದು ಕಬ್ಬಿಣದ ಗೇಟು ಕೂರಿಸಿ ಹಸಿರು ಬಣ್ಣ ಹೊಡೆಸಿದೆ. "ದಯವಿಟ್ಟು ಗೇಟು ಹಾಕಿಕೊಳ್ಳಿ" ಎಂದು ನಾನೇ ಬಿಳಿ ಅಕ್ಷರದಲ್ಲಿ ಬರೆದೆ. ಸಂಜೆ ಮಂಡಕ್ಕಿ, ಬಿಸಿ ಮಿರ್ಚಿ ತರಿಸಿ ಎಲ್ಲರಿಗೂ ಹಂಚಿದೆವು. ಎಷ್ಟು ಜಂಭ ನನಗೆ!

ಅಮಾವಾಸ್ಯೆ ಬಂತು. ಬೆಳಗಿನಿಂದ ಜನ ಸಾಲುಗಟ್ಟಿ ನಡೆದರು. ನಾನು ಅಂಗಳದಲ್ಲಿ ನೀರು ಕೊಡುತ್ತ ನಿಂತಿದ್ದೆ. ಗದ್ದೆಯ ಕಡೆಯಿಂದ ಕೂಗು ಕೇಳಿ ಓಡಿದರೆ ಗೇಟು ಹಾರು ಹೊಡೆದಿದೆ, ಕೆಂಪಿ ಭತ್ತದ ನಡುವೆ ನಿಂತು ಆರಾಮಾಗಿ ಮೇಯುತ್ತಿದ್ದಾಳೆ, ಹಿಂದೆ ಇಡೀ ಮಂದೆ. ಬದುವಿನ ಮೇಲೆ ಗಂಗವ್ವ.

ನನಗೆ ಸಿಟ್ಟು ನೆತ್ತಿಗೇರಿತು. ದಾರಿಯಲ್ಲಿದ್ದ ಹೆಂಗಸೊಬ್ಬಳನ್ನು ತಡೆದು, "ಬರೆದಿರುವುದು ಕಾಣಿಸಲಿಲ್ಲವೇ? ಗೇಟು ಹಾಕಿಕೊಂಡು ಹೋಗಲು ಏನು ಕಷ್ಟ?" ಎಂದೆ.

ಅವಳು ಕೆನ್ನೆಗೆ ಕೈ ಹಚ್ಚಿದಳು. "ಹಂಗನ್ನಬ್ಯಾಡ್ರಿ ಅಕ್ಕಾರ! ಅಜ್ಜಯ್ಯನ ಹತ್ರ ಹೊಂಟಾಗ ಹಿಂದೆ ಬರೋರಿಗೆ ಬಾಗ್ಲ ಹಾಕ್ತಾರೇನು?"

ಗಂಗವ್ವನೂ ಅವಳ ಮಾತಿಗೇ ತಲೆಯಾಡಿಸಿದರು. ತಮ್ಮ ಭತ್ತ ಹಾಳಾಗಿದೆ, ಆದರೂ ಗೇಟು ತೆರೆದಿಟ್ಟವರ ಮೇಲೆ ಒಂದು ಮಾತಿಲ್ಲ! ಮುಂದೆ ಹೋದವರು ಹಿಂದಿನವರಿಗೆ ಬಾಗಿಲು ಮುಚ್ಚಬಾರದು; ಹಿಂದೆ ಯಾರಾದರೂ ಇದ್ದೇ ಇರುತ್ತಾರೆ; ಹಾಗಾಗಿ ಗೇಟು ಎಂದೂ ಮುಚ್ಚುವುದಿಲ್ಲ. ಇಲ್ಲಿಯ ಮಕ್ಕಳಿಗೂ ಗೊತ್ತಿರುವ ಈ ಸಂಗತಿ ಮಂಡಕ್ಕಿ ಭಟ್ಟಿಯಲ್ಲಿ ಬೆಳೆದ ವೀರೇಶನಿಗೆ ಗೊತ್ತಿರಲಿಲ್ಲ, ನನಗಂತೂ ಮೊದಲೇ ಇಲ್ಲ. "ಬೀಗ ಹಾಕಿದ್ರೆ ನಾನು ಸುಮ್ನಿರಂಗಿಲ್ಲ. ದನ ಬಂದ್ರೂ ಸುಮ್ನಿರಂಗಿಲ್ಲ. ಮುಂದಿನ ಅಮಾಸಿ ನೋಡ್ತೀನಿ, ಅಷ್ಟೇ" ಎಂದು ಗಂಗವ್ವ ಕೊಡೆ ಬಿಚ್ಚಿ ನಡೆದರು.

ಅಂದು ವೀರೇಶ ಊಟ ಮಾಡಲಿಲ್ಲ. "ದನ ಕೊಳ್ಳೋರನ್ನ ಈಗಿಂದ್ಲೇ ನೋಡಿಕೊಳ್ಳಾಣ" ಎಂದ. ನಾನು ಮೂಲೆಯಲ್ಲಿ ಕೂತು ಅಪ್ಪನ ಮನೆ ನೆನೆಯುತ್ತಿದ್ದೆ. ಆಗ ಹೊಳೆಯಿತು. ತಡಮೆ! ನಮ್ಮ ತೋಟದ ಬೇಲಿಯಲ್ಲಿ ಇತ್ತಲ್ಲ, ಶಾಲೆಯ ಮಕ್ಕಳು, ಮೀನಿನ ಹೆಂಗಸರು, ಅಂಚೆಯವರು ಎಲ್ಲ ಹಾದುಹೋಗುತ್ತಿದ್ದ, ಮೆಟ್ಟಿಲಿನ ಹಾಗೆ ಅಡ್ಡಮರ ಕಟ್ಟಿದ ಕಂಡಿ. ಮನುಷ್ಯರು ಹತ್ತಿ ಇಳಿಯಬಹುದು, ದನ ದಾಟಲಾರದು. ಮುಚ್ಚಲು ಬಾಗಿಲೇ ಇಲ್ಲ!

ದುರ್ಗಪ್ಪನಿಗೆ ನೆಲದ ಮೇಲೆ ಗೀಚಿ ತೋರಿಸಿದೆ. ಅವನು ನಕ್ಕ. "ಅಕ್ಕಾರ, ಮೊಣಕಾಲು ಬೇನೆ ಅಂತಾನೇ ಅಜ್ಜಯ್ಯನ ಹತ್ರ ಹೊಂಟಿರ್ತಾರೆ. ಅವ್ರನ್ನ ಮೆಟ್ಲು ಹತ್ತಸ್ತೀರೇನು?"

ಅದೂ ಸರಿಯೇ. ನಮ್ಮೂರ ದೇವಸ್ಥಾನದ ಬಾಗಿಲಲ್ಲಿ ಇನ್ನೊಂದು ಬಗೆಯ ತಡಮೆ ಇತ್ತು, ಹತ್ತುವುದು ಬೇಡ, ತಿರುಗಿದರೆ ಸಾಕು. ಎರಡು ಕಂಬದ ನಡುವೆ ಒಂದು ಸಂದಿ, ಸಂದಿಯ ಎದುರಿಗೇ ಅಡ್ಡವಾಗಿ ಮತ್ತೆ ಕಂಬಗಳ ಸಾಲು. ಒಳಗೆ ಬಂದವರು ಥಟ್ಟನೆ ಪಕ್ಕಕ್ಕೆ ತಿರುಗಿ ಹೊರಗೆ ಹೋಗಬೇಕು. ಮನುಷ್ಯ ತಿರುಗುತ್ತಾನೆ, ಉದ್ದ ಮೈಯ ದನ ತಿರುಗಲಾರದು. "ಇದು ಆಕ್ಕೈತೆ" ಎಂದ ದುರ್ಗಪ್ಪ. ಸಂದಿ ಎಷ್ಟು ಅಗಲ ಇರಬೇಕೆಂದು ಕೇಳಿದೆ. ಅವನು ಸುತ್ತ ನೋಡಿ ದನಿ ತಗ್ಗಿಸಿದ. "ಗಂಗವ್ವಾರು ಹಾಯಬೇಕು, ಕೆಂಪಿ ಹಾಯಬಾರ್ದು. ಅದೇ ಅಳತಿ." ಗಂಗವ್ವ ದುಂಡಗಿನ ಮೈಯವರು, ಕೆಂಪಿ ಬಡಕಲು. ಇಬ್ಬರ ನಡುವೆ ನಮಗಿದ್ದ ಅಂತರ ಬಹಳ ಕಡಿಮೆ. ಆ ಅಳತೆಗೇ ಗೇಟು ಕಿತ್ತು ಸಂದಿಯ ಕಂಬ ನಿಲ್ಲಿಸಿದೆವು.

ಮುಂದಿನ ಅಮಾವಾಸ್ಯೆಗೆ ಗಂಗವ್ವ ಹೊತ್ತು ಮೂಡುವ ಮೊದಲೇ ಬಂದು ಬದುವಿನ ಮೇಲೆ ಕೂತರು. ಜನ ಬಂದರು, ಸಂದಿ ಕಂಡು ತಡೆದರು, ಒಬ್ಬೊಬ್ಬರೇ ತಿರುಗಿ ಆಚೆ ಹೋದರು. ಬುಟ್ಟಿ ಹೊತ್ತವರು ಹೋದರು, ಕೋಲೂರಿದವರು ಹೋದರು. ಕೆಂಪಿ ಬಂದಳು. ತಲೆ ತೂರಿಸಿದಳು, ಕೊರಳು ತೂರಿಸಿದಳು, ಹೆಗಲು ಬಂತು. ತಿರುಗಲು ನೋಡಿದಳು, ಆಗಲಿಲ್ಲ. ಬುಸ್ ಎಂದು ನನ್ನನ್ನೇ ದುರುಗುಟ್ಟಿ ನೋಡಿ ಹಿಂದಕ್ಕೆ ಸರಿದಳು. ಅವಳ ಕರು ಮಾತ್ರ ಸುಳಕ್ಕನೆ ನುಸುಳಿ ಭತ್ತಕ್ಕೆ ಬಾಯಿ ಹಾಕಿತು. ವೀರೇಶ ಅಯ್ಯೋ ಎಂದು ಓಡಿದ.

"ಬಿಡಪ್ಪಾ, ಕೂಸು. ಎಷ್ಟು ತಿಂದೀತು?" ಎಂದು ಗಂಗವ್ವ ಎದ್ದರು. ಕೊಡೆ ಮಡಚಿ, ಸೆರಗು ಸಿಕ್ಕಿಸಿ ಸಂದಿಗೆ ಬಂದರು. ದುರ್ಗಪ್ಪ ಬೇರೆಡೆ ನೋಡತೊಡಗಿದ. ಮೊದಲು ನೇರ ನುಗ್ಗಿದರು, ಹಿಡಿಯಿತು. ಓರೆಯಾದರು, ಉಸಿರು ಎಳೆದುಕೊಂಡರು, ತಿರುಗಿದರು, ಆಚೆ ಬಂದರು! ದಾರಿಯಲ್ಲಿ ನಿಂತಿದ್ದ ಜನರೆಲ್ಲ ಹೋ ಎಂದರು. ಗಂಗವ್ವ ಸೀರೆ ಸರಿಮಾಡಿಕೊಳ್ಳುತ್ತ, "ಮಳಿ ಬಂದ್ಮ್ಯಾಲೆ ಆ ಕಡೀ ಹೊಲಕ್ಕೂ ಹಿಂಗ ಒಂದು ಮಾಡಿಸ್ರಿ. ನೀವು ಇರ್ತೀರಲ್ಲ" ಎಂದರು. ವೀರೇಶ ಅಲ್ಲೇ ಮಣ್ಣಿನ ಮೇಲೆ ಕುಸಿದು ಕೂತು ನಕ್ಕ. ನನಗೆ ಅಳು ಬಂತು, ಮುಚ್ಚಿಡಲಿಲ್ಲ. ಈಗ ಅದನ್ನು ಎಲ್ಲರೂ ಅಕ್ಕಾರ ಸಂದಿ ಎನ್ನುತ್ತಾರೆ.

ಮಳೆ ಹಿಡಿದ ಮೇಲೆ ಊರಿಗೆ ಹೋದೆ, ಕೈಯಲ್ಲಿ ಮಂಡಕ್ಕಿ ಚೀಲ, ಖಡಕ್ ರೊಟ್ಟಿಯ ಗಂಟು. ಈಗ ಅಪ್ಪನ ಮನೆ ನೋಡಿಕೊಳ್ಳುವ ಅಣ್ಣನಿಗೆ ನಮ್ಮ ತೋಟದ ತಡಮೆ ಎಲ್ಲಿಗೆ ಹೋಗಿ ಸೇರಿದೆ ಎಂದು ಹೇಳುವ ಅವಸರ. ನೋಡಿದರೆ ತಡಮೆ ಇದ್ದ ಜಾಗದಲ್ಲಿ ಎತ್ತರದ ಹೊಸ ಪಾಗಾರ, ಅದಕ್ಕೊಂದು ಸ್ಟೀಲಿನ ಗೇಟು, ಪಕ್ಕದಲ್ಲಿ ಕರೆಗಂಟೆಯ ಗುಂಡಿ. ಒತ್ತಿದೆ. ಗೋಡೆಯೊಳಗಿಂದ ಅಣ್ಣನ ದನಿ ಬಂತು: "ಯಾರ್ ಅದ್?"

"ನಾನ್ರೀ, ಹರಿಹರದಿಂದ ಬಂದೀನಿ" ಎಂದೆ. ಬಾಯಿಗೆ ಬಂದದ್ದೇ ಅದು.

ಅಣ್ಣ ನಗುತ್ತ ಓಡಿಬಂದ. ಗೇಟು ತಾನಾಗಿ ಸರಿದು ತೆರೆಯಿತು, ನಾನು ಒಳಗೆ ಕಾಲಿಟ್ಟೊಡನೆ ತಾನಾಗಿಯೇ ಮುಚ್ಚಿಕೊಳ್ಳತೊಡಗಿತು. ಚೀಲ ಕೆಳಗೆ ಹಾಕಿ ಎರಡೂ ಕೈಯಲ್ಲಿ ಅದನ್ನು ತಡೆದು ನಿಂತೆ.

"ಎಂತಕ್ ಗೇಟ್ ಹಿಡ್ಕಂಬ್ದ್? ಮಳೆ ಬತ್ತಿತ್, ಒಳ್ಗ್ ಬಾ ಮಾರಾಯ್ತಿ" ಎಂದ ಅಣ್ಣ.

"ತಡಿ ಅಣ್ಣ, ಹಿಂದೆ ಯಾರಾದರೂ ಬರ್ತಿದ್ದಾರೇನೋ ನೋಡ್ತೇನೆ" ಎಂದೆ.