ಕೆಂಪಿಗೆ ಹೋದ ಮುಳ್ಳು

ಒಂದು ಮನೆಗೆ ಟೇಪ್ ರೆಕಾರ್ಡರು ಬಂದರೆ ಇಡೀ ಬೀದಿ ಅವರ ಜಗಲಿಯ ಮೇಲೆ ಬಂದು ಕೂರುತ್ತಿದ್ದ ಕಾಲ ಅದು. ಕ್ಯಾತನಹಳ್ಳಿಯ ನಮ್ಮ ಮನೆಗೆ ಅದನ್ನು ತಂದವನು ಚಿಕ್ಕಪ್ಪ. ಶ್ರೀರಂಗಪಟ್ಟಣದಿಂದ ಬಸ್ಸಿನಲ್ಲಿ, ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ತಂದಿದ್ದ. ಅದರ ಮುಂಭಾಗದಲ್ಲಿ ಗಾಜಿನ ಕಿಂಡಿ, ಒಳಗೊಂದು ಮುಳ್ಳು. ಮೈಕಿನೆದುರು ಮಾತಾಡಿದರೆ ಮುಳ್ಳು ಏಳುತ್ತಿತ್ತು. ಕೊನೆಯಲ್ಲೊಂದು ಕೆಂಪು ಪಟ್ಟಿ. ಮುಳ್ಳು ಎಷ್ಟು ಏಳಬೇಕೆಂದು ಗೊತ್ತುಮಾಡಲು ಪಕ್ಕದಲ್ಲೊಂದು ತಿರುಪು.

ಅಪ್ಪನ ತಂಗಿ, ನನ್ನ ಅತ್ತೆಯ ಮದುವೆ ಗೊತ್ತಾಗಿತ್ತು. ಗಂಡನ ಊರು ಸಿಂಧಘಟ್ಟಕ್ಕೆ ಹೋಗುವ ಮೊದಲು ಅವಳು ಕೇಳಿದ್ದು ಒಂದೇ: ಅರಿಶಿನ ಹಚ್ಚುವಾಗ ಅಜ್ಜಿ ಹೇಳುವ ಸೋಬಾನೆ ಪದ ತನಗೆ ಕ್ಯಾಸೆಟ್ಟಿನಲ್ಲಿ ಬೇಕು. ಆ ಪದ ಪೂರ್ತಿ ಬರುತ್ತಿದ್ದುದು ಅಜ್ಜಿಗೊಬ್ಬಳಿಗೇ. ಉಳಿದ ಹೆಂಗಸರು ನಡುನಡುವೆ ‘ಸೋಬಾನೆ’ ಎಂದು ದನಿಗೂಡಿಸುತ್ತಿದ್ದರು, ಅಷ್ಟೆ.

“ಒಸಿ ಯೋಳವ್ವ, ಮುಳ್ಳು ನೋಡ್ಕತೀನಿ” ಎಂದ ಚಿಕ್ಕಪ್ಪ, ಹಿಂದಿನ ದಿನ.

“ಥೂ, ಅರ್ಶ್ನ ಇಲ್ದೆ ಸುಮ್ಸುಮ್ಕೆ ಯೋಳಾ ಪದ್ವೇನ್ಲಾ ಅದು? ಮಗೀಗೆ ಆಗ್ಬರಕಿಲ್ಲ” ಎಂದಳು ಅಜ್ಜಿ.

“ಸರಿ, ಏನಾರ ಮಾತಾಡು.”

ಅಜ್ಜಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ನಾಚಿ, ಕಜ್ಜಾಯದ ಪಾಕದ ಬಗ್ಗೆ ಏನೋ ಪಿಸುಗುಟ್ಟಿದಳು. ಮುಳ್ಳು ಅಲುಗಲಿಲ್ಲ. ಚಿಕ್ಕಪ್ಪ ತಿರುಪನ್ನು ಕೊನೆ ಮುಟ್ಟಿಸಿ, ಮಕ್ಕಳು ಕೈಯಾಡಿಸದಿರಲೆಂದು ಮೇಲೊಂದು ಪ್ಲಾಸ್ಟರು ಅಂಟಿಸಿಬಿಟ್ಟ.

ಮಾರನೆಯ ಬೆಳಿಗ್ಗೆ ಅರಿಶಿನ, ಹರಳೆಣ್ಣೆ, ಕಜ್ಜಾಯದ ವಾಸನೆಗಳ ನಡುವೆ ಅಜ್ಜಿ ಮೆಲ್ಲಗೆ ಎರಡು ಸಾಲು ಹೇಳಿದಳು. ಆಮೇಲೆ ಹೆಂಗಸರೆಲ್ಲ ‘ಸೋಬಾನೆ’ ಎಂದು ಒಟ್ಟಿಗೆ ಗಂಟಲು ಬಿಚ್ಚಿದರು. ನಾಲೆ ಏರಿಯ ಮೇಲೆ ನಿಂತು ಎಮ್ಮೆ ಕರೆದು ಪಳಗಿದ್ದ ಅಜ್ಜಿಯ ದನಿ ಅವರೆಲ್ಲರ ಮೇಲಕ್ಕೇರಿತು.

“ಚಿಕ್ಕಪ್ಪ, ಮುಳ್ಳು ಕೆಂಪ್ಗೋಗಿ ಕುಂತದೆ!” ಎಂದೆ.

“ಸುಮ್ಕಿರ್ಲಾ ಪುಕ್ಲ. ಕೆಂಪ್ಗೋದ್ರೆ ಫುಲ್ ಪವರ್ ಕಣ್ಲಾ!”

ಪೆಟ್ಟಿಗೆ ಸಿಡಿಯುತ್ತದೆ, ಚಪ್ಪರಕ್ಕೆ ಬೆಂಕಿ ಬೀಳುತ್ತದೆ, ಮದುವೆ ನಿಲ್ಲುತ್ತದೆ ಎಂದೆಲ್ಲ ಹೆದರಿ ನಾನು ರಾಗಿ ಮೂಟೆಗಳ ಹಿಂದೆ ಸೇರಿಕೊಂಡೆ. ಪದ ಹಾಳಾದೀತು ಎಂಬ ಭಯವೊಂದು ಮಾತ್ರ ಬರಲಿಲ್ಲ. ನನ್ನ ಭಯಗಳು ಇಂದಿಗೂ ಹಾಗೇ, ಹೋಗಬೇಕಾದ ಕಡೆ ಹೋಗುವುದಿಲ್ಲ.

ಮಧ್ಯಾಹ್ನ ಕ್ಯಾಸೆಟ್ಟು ಹಾಕಿದರು. ಮೊದಲ ಎರಡು ಸಾಲು, ಅಜ್ಜಿಯ ಬಳೆ ಸದ್ದೂ ಕೇಳುವಷ್ಟು ಚೊಕ್ಕ. ಆಮೇಲೆ, ಮುಳ್ಳು ಕೆಂಪಿಗೆ ಹೋದಲ್ಲಿಂದ, ಗೊರ್ ಎಂದು ಶುರುವಾಯಿತು. ಕಬ್ಬಿನ ಗಾಣಕ್ಕೆ ತಗಡು ಸಿಕ್ಕಿಕೊಂಡಂಥ ಸದ್ದು. ಕಫ ಕಟ್ಟಿದ ಯಾವುದೋ ಪ್ರಾಣಿ ಅಜ್ಜಿಯ ಗಂಟಲಲ್ಲಿ ಕೂತು ಕ್ಯಾಕರಿಸುತ್ತಿರುವ ಹಾಗಿತ್ತು.

“ಎಂಗದೆ ಸವುಂಡು! ನಾಲೆ ಆಚ್ಗೂ ಕೇಳ್ತದೆ!” ಎಂದ ಚಿಕ್ಕಪ್ಪ. ಜಗಲಿಯ ಮೇಲಿದ್ದವರೆಲ್ಲ ಹೌದೌದೆಂದು ತಲೆಯಾಡಿಸಿದರು. ಆ ಗೊರಗೊರಕ್ಕಿಂತ ಆ ತಲೆಗಳೇ ನನಗೆ ಹೆಚ್ಚು ಹೇಸಿಗೆ ಹುಟ್ಟಿಸಿದವು.

ಅತ್ತೆಯ ಕಣ್ಣು ತುಂಬಿತ್ತು. “ಅವ್ವ, ಇನ್ನೊಂದ್ ಕಿತ ಯೋಳವ್ವ.”

“ಅರ್ಶ್ನ ತೊಳ್ದಾಯ್ತಲ್ಲವ್ವ. ಒಂದ್ ಮಗೀಗೆ ಒಂದೇ ಕಿತ ಅದು.”

ಅತ್ತೆ ಆ ಕ್ಯಾಸೆಟ್ಟನ್ನೇ ಸೀರೆಗಳ ನಡುವೆ ಇಟ್ಟುಕೊಂಡು ಹೋದಳು. ನಮ್ಮ ಮನೆಯಲ್ಲಿ ಮತ್ತೆ ಅರಿಶಿನ ಅರೆಯುವ ಹೊತ್ತಿಗೆ ಅಜ್ಜಿ ಇರಲಿಲ್ಲ.

ಮೊನ್ನೆ ಅತ್ತೆಯ ಮಗಳ ಮದುವೆಗೆಂದು ಸಿಂಧಘಟ್ಟಕ್ಕೆ ಹೋಗಿದ್ದೆ. ಟ್ರಾಕ್ಟರಿನ ಟ್ರೈಲರಿನಲ್ಲಿ ಆಳೆತ್ತರದ ಸ್ಪೀಕರುಗಳು. ಡೀಜೆಯವನ ಮುಂದೆ ಕೆಂಪು ದೀಪಗಳೆಲ್ಲ ಉರಿಯುತ್ತಿದ್ದವು. ಅವನ ಮುಖ ಬೀಗಿತ್ತು. ಎಲೆಯ ಮೇಲಿನ ಕೋಸಂಬರಿ ತಾನಾಗಿ ಕುಣಿಯುತ್ತಿತ್ತು. ನನ್ನ ಎದೆ ನಿಂತೇಹೋಗುತ್ತದೆಂದು ಹತ್ತಿರದ ಆಸ್ಪತ್ರೆ ಎಲ್ಲಿದೆಯೆಂದು ವಿಚಾರಿಸಿಕೊಂಡೆ. ಥೂ, ಇಡೀ ಊರೇ ತಿರುಪನ್ನು ಕೊನೆ ಮುಟ್ಟಿಸಿ ಪ್ಲಾಸ್ಟರು ಹಾಕಿಕೊಂಡು ಕೂತಿದೆ.

ಅರಿಶಿನದ ಹೊತ್ತಿಗೆ ಅತ್ತೆ ಬೈದು ಡೀಜೆ ನಿಲ್ಲಿಸಿದಳು. ಮಗಳ ಕೆನ್ನೆಗೆ ಅರಿಶಿನ ಸವರಿ ಎರಡು ಸಾಲು ಹೇಳಿದಳು. ಅದೇ ರಾಗ, ಅದೇ ಎಳೆತ. ಹೆಂಗಸರು ‘ಸೋಬಾನೆ’ ಎಂದರು. ದನಿ ಏರಿದರೆ ತಾನೇ ತಗ್ಗಿಸಿಕೊಂಡು ರೆಕಾರ್ಡು ಮಾಡುವ ಫೋನು ಹಿಡಿದು ನಾನು ಮೂರನೆಯ ಸಾಲಿಗೆ ಕಾದೆ.

ಬರಲಿಲ್ಲ.

“ಮುಂದ್ಕೆ ಯೋಳವ್ವ” ಎಂದಳು ಅರಿಶಿನದ ಬಟ್ಟಲು ಹಿಡಿದಿದ್ದ ಮುದುಕಿ.

“ಮುಂದ್ಕೆ ಬರೀ ಗೊರ್ ಅಂತದೆ ಕಣಕ್ಕ” ಎಂದಳು ಅತ್ತೆ.