ದೊಡ್ಡಾಯಿಯ ಅನ್ನದ ವಾಸನೆ

ಹೋದ ವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಹುಬ್ಬಳ್ಳಿ ಮನೆಯ ಅಡುಗೆಮನೆ ಕಿಟಕಿಯಿಂದ ಅನ್ನದ ವಾಸನೆ ಬಂತು. ಕುಕ್ಕರಿನ ಅನ್ನದ್ದಲ್ಲ. ಹಳೆಯ ಅಂಬೆಮೋಹರ ಅಕ್ಕಿ ಸಣ್ಣ ಉರಿಯಲ್ಲಿ ಕುದಿದು ನೀರು ಇಂಗುವಾಗ ಬರುತ್ತದಲ್ಲ, ಆ ವಾಸನೆ. ನನ್ನ ಒಲೆಯ ಮೇಲೆ ಬರೀ ಚಹಾ ಇತ್ತು. ಪಕ್ಕದ ಮನೆಯವರದಿರಬೇಕು ಎಂದು ಹೊರಗೆ ಬಂದು ನೋಡಿದರೆ ಅವರ ಬಾಗಿಲಿಗೆ ಬೀಗ. ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ಕತ್ತೆತ್ತಿ ಮೇಲೆ ನೋಡಿದೆ. ಅನ್ನದ ವಾಸನೆ ಬಂದರೆ ಜನ ಒಲೆ ನೋಡುತ್ತಾರೆ, ನಾನು ಜಂತಿ ನೋಡುತ್ತೇನೆ. ಸ್ಲ್ಯಾಬಿನ ಮನೆಗೆ ಜಂತಿ ಎಲ್ಲಿಂದ ಬರಬೇಕು! ನಗಬೇಡಿ. ನಿಮಗೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ, ಮೂಗಿಗೆ ಬಡಿದ ಕೂಡಲೇ ಈಗ ಇಲ್ಲದ ಮನೆಯೊಳಗೆ ಎಳೆದೊಯ್ದು ಕೂರಿಸುವಂಥದ್ದು.

ರೋಣದಲ್ಲಿದ್ದ ನಮ್ಮ ಮನೆ ಮರದ ಜಂತಿಗಳ ಮೇಲೆ ಮಣ್ಣು ಹಾಸಿದ ಮಾಳಿಗೆಯದು. ಹಿತ್ತಲಲ್ಲಿ ಎರಡು ಪೇರಲ ಗಿಡ, ಸಾಲಾಗಿ ಪಪ್ಪಾಯಿ, ಮೂಲೆಯ ಛಪ್ಪರದ ಕೆಳಗೆ ದೊಡ್ಡಾಯಿಯ ಒಲೆ. ಆಯಿ ಎಂದರೆ ನನ್ನ ಅಪ್ಪನ ತಾಯಿ. ದೊಡ್ಡಾಯಿ ಅವಳ ನೆಗೆಣ್ಣಿ, ನನ್ನ ಅಜ್ಜನ ಅಣ್ಣನ ಹೆಂಡತಿ. ನಮ್ಮದು ರೊಟ್ಟಿಯ ಊರು. ಅನ್ನವೇನಿದ್ದರೂ ಹಬ್ಬಕ್ಕೆ, ಬೀಗರಿಗೆ, ಜ್ವರ ಬಂದವರಿಗೆ. ಆದರೆ ದೊಡ್ಡಾಯಿಗೆ ಹಲ್ಲು ಹೋಗಿದ್ದವು, ದಿನಾ ಸಂಜೆ ಹಿತ್ತಲ ಒಲೆ ಹಚ್ಚಿ ಒಂದು ಹಿಡಿ ಅಕ್ಕಿ ಬೇಯಿಸಿಕೊಳ್ಳುತ್ತಿದ್ದಳು. ಆಯಿಯ ಹಲ್ಲು ಮಾತ್ರ ಗಟ್ಟಿ, ಕಟಕ ರೊಟ್ಟಿಯನ್ನೂ ಕಡಿದು ನುಂಗುವಳು. ಆದರೂ ಸಂಜೆಯಾದರೆ 'ನನಗೂ ರೊಟ್ಟಿ ಗಂಟಲಾಗ ಇಳಿಯಂಗಿಲ್ಲವಾ' ಎಂದು ಹಸಿ ಸುಳ್ಳು ಹೇಳಿ, ಅಕ್ಕ ಎಂದೇ ಕರೆಯುತ್ತಿದ್ದ ದೊಡ್ಡಾಯಿಯ ಎದುರು ಕೂತು ಅದೇ ಗಂಗಾಳದಲ್ಲಿ ಕೈ ಹಾಕುತ್ತಿದ್ದಳು. ಇಬ್ಬರೂ ಮದುವೆಯಾಗಿ ಬಂದಾಗಿನಿಂದ ಹಾಗೇ ಅಂತೆ. ಒಬ್ಬಳನ್ನು ಬಿಟ್ಟು ಒಬ್ಬಳು ಉಂಡದ್ದನ್ನು ನಾನು ನೋಡಿಲ್ಲ.

ಒಂದು ಶ್ರಾವಣದಲ್ಲಿ ದೊಡ್ಡಾಯಿ ತೀರಿಕೊಂಡಳು. ಆಮೇಲೆ ಆಯಿಯ ತಲೆ ಸ್ವಲ್ಪ ಸ್ವಲ್ಪವೇ ಕಲಸಿಹೋಯಿತು. ಬೆಳಗಿನದೆಲ್ಲ ಸರಿ, ಸಂಜೆಯಾದರೆ ಅಕ್ಕನ ದಾರಿ ಕಾಯುತ್ತ ಕೂರುವಳು, ಒಂದು ತುತ್ತೂ ಇಳಿಸುತ್ತಿರಲಿಲ್ಲ. ದವಾಖಾನೆಯಲ್ಲಿ ತೋರಿಸಿದರೆ ವಯಸ್ಸಾಯಿತು ಎಂದರು. ಅದು ನಮಗೆ ಗೊತ್ತಿರಲಿಲ್ಲವೇನು! ಹೀಗಿರುವಾಗ ಒಂದು ಮುಸ್ಸಂಜೆ ಹಿತ್ತಲ ಕಡೆಯಿಂದ ಘಮ್ಮೆಂದು ಅನ್ನದ ವಾಸನೆ ಬಂತು. ನನಗೂ ಬಂತು, ಅವ್ವನಿಗೂ ಬಂತು. ಅವ್ವ ಓಡಿ ಹೋಗಿ ನೋಡಿದಳು. ಒಲೆ ತಣ್ಣಗಿತ್ತು, ಬೂದಿಯ ಮೇಲೆ ಇರುವೆ ಹರಿಯುತ್ತಿದ್ದವು. ಆಯಿಯ ಮುಖ ಮಾತ್ರ ಅರಳಿತ್ತು. "ಅಕ್ಕ ಅನ್ನಕ್ಕಿಟ್ಟಾಳ. ಗಂಗಾಳ ತಗೀರಿ," ಎಂದಳು. ಅವ್ವ ಆಯಿಗೆಂದು ಒಳಗೆ ಮಾಡಿಟ್ಟಿದ್ದ ಅನ್ನ ತಂದು ಬಡಿಸಿದಳು. ಆಯಿ ಹೊಟ್ಟೆ ತುಂಬ ಉಂಡಳು. ಮರುದಿನವೂ ವಾಸನೆ ಬಂತು, ಮರುದಿನವೂ ಉಂಡಳು. ಹಾವು ಸೇರಿಕೊಂಡರೆ ಹೀಗೆ ವಾಸನೆ ಬರುತ್ತದೆ ಎಂದು ಓಣಿಯವರು ಹೆದರಿಸಿದರು. ಸತ್ತವರೋ, ಹಾವೋ, ಏನಾದರೂ ಇರಲಿ, ಆಯಿ ಉಣ್ಣುತ್ತಾಳಲ್ಲ ಎಂದು ನಾವು ಸುಮ್ಮನಿದ್ದೆವು.

ಅದೇ ದಿನಗಳಲ್ಲಿ ಹಿತ್ತಲಲ್ಲಿ ಕಳ್ಳತನ ಶುರುವಾಯಿತು. ನಾಳೆ ಕೀಳೋಣ ಎಂದುಕೊಂಡ ಪಪ್ಪಾಯಿ ಬೆಳಗಾಗುವುದರೊಳಗೆ ಒಳಗಿಂದೊಳಗೇ ಖಾಲಿ. ನೆಲುವಿನ ಮೇಲಿಟ್ಟ ಬೆಣ್ಣೆ ಗಡಿಗೆ ನೆಲಕ್ಕೆ. ಮಾಳಿಗೆಯ ಅಂಚಿಗೆ ಬೀಜ ತುಂಬಿದ ಹಿಕ್ಕೆ. ಅವ್ವ ಹಿಡಿಶಾಪ ಹಾಕುತ್ತ ಅದನ್ನು ಬಳಿಯುತ್ತಿದ್ದಳು. ಬಾಜೂ ಮನೆಯವರ ಪೇರಲವೂ ಹೋಗತೊಡಗಿದಾಗ ಆ ಮನೆಯಾತ ಬೆಲ್ಲದಲ್ಲಿ ವಿಷ ಕಲಸಿ ಇಡುತ್ತೇನೆ ಎಂದ. ಅಪ್ಪನ ತಮ್ಮ ಬಸು ಕಾಕಾನಿಗೆ ಜಿರಲೆ ಕಂಡರೂ ಮಂಚ ಹತ್ತುವ ಅಭ್ಯಾಸ, ಆದರೆ ವಿಷದ ಮಾತು ಕೇಳಿ ಎದ್ದು ನಿಂತುಬಿಟ್ಟ. "ಜೀವ ತಗಿಯೂದು ಬ್ಯಾಡ. ಹಿಡದು ದೂರ ಬಿಟ್ಟ ಬರೂಣು," ಎಂದ. ಓಣಿಯ ತುದಿಯಲ್ಲಿ ಗೇಟು, ಗ್ರಿಲ್ಲು ಮಾಡುತ್ತಿದ್ದ ಮಾಬುಸಾಬ ಮಾಮಾ ಒಂದು ದೊಡ್ಡ ಬೋನು ಮಾಡಿಕೊಟ್ಟ. ಸರಳಿಗೆ ಮೈ ತರಚಬಾರದೆಂದು ಒಳಗೆಲ್ಲ ಗೋಣಿಚೀಲ ಸುತ್ತಿ, ಮಾಗಿದ ಬಾಳೆಹಣ್ಣು ಕಟ್ಟಿ ಛಪ್ಪರದ ಕೆಳಗಿಟ್ಟರು.

ಬೆಳಿಗ್ಗೆ ಬೋನಿನ ಬಾಗಿಲು ಬಿದ್ದಿತ್ತು. ಒಳಗಿದ್ದದ್ದು ಬೆಕ್ಕೋ ಮುಂಗುಸಿಯೋ ಒಬ್ಬರಿಗೂ ಹೇಳಲಾಗಲಿಲ್ಲ. ಮುಖಕ್ಕೆ ಮಸಿ ಬಳಿದಂತೆ ಕಪ್ಪು, ಮೈಯಷ್ಟೇ ಉದ್ದದ ಬಾಲ. ಪುನುಗಿನ ಜಾತಿಯ ಮರಬೆಕ್ಕು ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ಕಾಕಾ ಬೋನು ಎತ್ತಿದ. ಪ್ರಾಣಿ ಸರಳಿಗೆ ಮೈ ಉಜ್ಜಿತು. ಆಗ ಬಂತು ನೋಡಿ ಆ ವಾಸನೆ, ಹಿತ್ತಲ ತುಂಬ, ಬಿಸಿ ಬಿಸಿ ಅನ್ನದ ವಾಸನೆ. ಕಾಕಾ ಬೋನನ್ನು ಹಾಗೇ ಕೆಳಗಿಟ್ಟ. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಇಷ್ಟು ದಿನ ಮಾಳಿಗೆಯ ಜಂತಿಯಲ್ಲಿ ಅಡಗಿಕೊಂಡು ಆಯಿಗೆ ಉಣಿಸಿದ್ದು ಇದೇ ಕಳ್ಳ! ಎಲ್ಲರಿಗಿಂತ ಹೆಚ್ಚು ಬೈದಿದ್ದ ಅವ್ವನೇ, "ಬಸಪ್ಪಾ, ಇಲ್ಲೇ ಬಿಟ್ಟಬಿಡೂಣೇನು ಇದನ್ನ?" ಎಂದಳು. "ಬಿಡೂಣು ವೈನಿ. ನಾಳೆ ಬಾಜೂದಾಂವ ಬೆಲ್ಲ ಇಟ್ರ?" ಎಂದ ಕಾಕಾ. ಬೋನಿನಲ್ಲೇ ಸಾಕೋಣ ಎಂದು ನಾನು ಬಾಯಿ ಹಾಕಿದೆ. ಮಾಬುಸಾಬ ಮಾಮಾ, ಒಳಗೆ ಸುತ್ತಿ ಸುತ್ತಿ ದಣಿಯುತ್ತಿದ್ದ ಅದನ್ನು ನನಗೆ ತೋರಿಸಿದ. ಅಷ್ಟರಲ್ಲಿ ಆಯಿಯೇ ಬಂದಳು. ಬಗ್ಗಿ ನೋಡಿ, "ಅಯ್ಯ ಪಾಪ! ಅಕ್ಕನ ಅನ್ನದ ವಾಸನಿ ಹಿಡದು ಬಂದೈತಿ. ಹಸದೈತಿ ಅದು, ಬಿಡ್ರಿ," ಎಂದಳು. ನಾವು ಅರ್ಥ ಮಾಡಿಕೊಂಡದ್ದು ಸರಿಯೋ, ಅವಳು ಅರ್ಥ ಮಾಡಿಕೊಂಡದ್ದು ಸರಿಯೋ ಎಂದು ಆ ಕ್ಷಣ ನನಗೇ ಗೊಂದಲವಾಯಿತು.

ಟಂಟಂ ರಿಕ್ಷಾದಲ್ಲಿ ಬೋನು ಇಟ್ಟುಕೊಂಡು ಹೊಳೆಆಲೂರಿಗೆ ಹೋದೆವು. ಹೊಳೆಯ ದಂಡೆಯ ಹುಣಸೆ ಗಿಡಗಳ ನಡುವೆ ಕಾಕಾ ಬಾಗಿಲು ಎತ್ತಿದ. ಅದು ಹೊರಗೆ ಬಂದು ಒಮ್ಮೆ ನೆಲ ಮೂಸಿ ಸರ್ರನೆ ಗಿಡ ಹತ್ತಿ ಮರೆಯಾಯಿತು. ಒಂದು ಸಲವಾದರೂ ತಿರುಗಿ ನೋಡೀತು ಎಂದು ಕಾಯುತ್ತ ನಿಂತಿದ್ದೆ, ಎಂಥ ಹುಚ್ಚಿ! ವಿಷದಿಂದ ಉಳಿಸಿದೆವು ಎಂದು ಮಾಮಾ ಸಮಾಧಾನ ಹೇಳಿದ. ಹೌದು ಎಂದು ಕಾಕಾ ತಲೆಯಾಡಿಸಿದ.

ಅವತ್ತು ಸಂಜೆ ಆಯಿ ಎಂದಿನ ಜಾಗದಲ್ಲಿ ಕೂತಳು. ವಾಸನೆ ಬರಲಿಲ್ಲ. "ಅಕ್ಕ ಇನ್ನ ಒಲಿ ಹಚ್ಚಿಲ್ಲೇನ?" ಎಂದು ಕೇಳಿ ಕೇಳಿ ಹಾಗೇ ಮಲಗಿದಳು. ಮರುದಿನ ಅವ್ವ ಅಂಬೆಮೋಹರ ಅಕ್ಕಿ ತರಿಸಿ, ದೊಡ್ಡಾಯಿಯ ಒಲೆಯ ಮೇಲೆಯೇ, ಅವಳದೇ ಗಡಿಗೆಯಲ್ಲಿ ಅನ್ನ ಮಾಡಿದಳು. ಆಯಿ ಮೂಸಿ ನೋಡಿ ಗಂಗಾಳ ಸರಿಸಿದಳು. "ಚಲೋ ಆಗೇತವ್ವ. ಖರೇ ಇದು ನಿಂದು, ಅಕ್ಕಂದಲ್ಲ." ಕಾಕಾನಿಗೆ ತಡೆಯಲಾಗಲಿಲ್ಲ. ಬೋನು ಹೊತ್ತುಕೊಂಡು ಮತ್ತೆ ಹೊಳೆಆಲೂರಿಗೆ ಹೋದ, ಬಿಟ್ಟು ಬಂದದ್ದನ್ನು ಹಿಡಿದು ತರಲು! ಹಣ್ಣು ಕಟ್ಟಿ ಕಾದರೆ ಸಿಕ್ಕಿದ್ದು ಒಂದು ಅಳಿಲು. ಅದನ್ನೂ ಬಿಟ್ಟು, ಬರಿಗೈಯಲ್ಲಿ ಬಂದು ಆಯಿಯ ಕಾಲ ಬಳಿ ಕೂತು ಅತ್ತ. ಆಯಿ ಅವನ ತಲೆ ಸವರಿದಳು. "ಎಲ್ಲಿ ಬಿಟ್ಟ ಬಂದೆಪಾ ಬೆಕ್ಕ?" ಎಂದು ಕೇಳಿದಳು. ಆಲೂರ ಹೊಳಿ ದಂಡ್ಯಾಗ ಎಂದ. "ಹಂಗಾರ ಅಕ್ಕ ಅದರ ಹಿಂದ ಹೋಗ್ಯಾಳ ತಗೋ. ಹಸದಿತ್ತಲ್ಲ ಅದು. ಹಸದಾರನ್ನ ಕಂಡ್ರ ಅಕೀಗೆ ತಡಿಯಾಕ ಆಗೂದಿಲ್ಲ."

ಅಂದಿನಿಂದ ಅವಳದು ಒಂದೇ ಮಾತು. ಹಾಲಿನವನಿಗೆ, ಬಳೆಗಾರನಿಗೆ, ಬಂದ ಬೀಗರಿಗೆ, ಯಾರು ಹೊಸ್ತಿಲು ದಾಟಿದರೂ ಕೈ ಹಿಡಿದು ಹೇಳುವಳು: "ಆಲೂರ ಕಡೆ ಹೋದ್ರ ನಮ್ಮಕ್ಕಗ ಹೇಳ್ರಿ, ನಾ ಇನ್ನ ಉಂಡಿಲ್ಲಂತ." ಎಲ್ಲರೂ ಆಗಲಿ ಎನ್ನುತ್ತಿದ್ದರು. ಅವ್ವ ಬೇಡಿಕೊಂಡರೆ ಎರಡು ತುತ್ತು ತಿನ್ನುವಳು, ಅಷ್ಟೇ. ಯುಗಾದಿ ಬರುವ ಮೊದಲೇ ಆಯಿಯೂ ಹೋದಳು. ನಾವು ಒಂದು ಜೀವ ಉಳಿಸಿದೆವೋ, ಒಂದು ಜೀವದ ಬಾಯಿಯ ಅನ್ನ ಕಿತ್ತುಕೊಂಡೆವೋ, ಇಂದಿಗೂ ನನಗೆ ಬಗೆಹರಿದಿಲ್ಲ. ಕೇಳೋಣವೆಂದರೆ ಈಗ ಕಾಕಾನೂ ಇಲ್ಲ, ಅವ್ವನೂ ಇಲ್ಲ. ಆ ಮನೆ ಕೆಡವಿ ಅಂಗಡಿ ಸಾಲು ಕಟ್ಟಿದ್ದಾರೆ. ಹಿತ್ತಲಿದ್ದ ಜಾಗದಲ್ಲಿ ಗಾಡಿ ನಿಲ್ಲಿಸುತ್ತಾರೆ.

ಹೋದ ವಾರ ಆ ವಾಸನೆ ತುಂಬ ಹೊತ್ತು ಇತ್ತು. ಪಕ್ಕದ ಮನೆಯವರು ಊರಿಂದ ಬಂದದ್ದು ಮರುದಿನ ಎಂದು ಆಮೇಲೆ ತಿಳಿಯಿತು. ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲುತ್ತಿತ್ತು. ನಾನು ಕಿಟಕಿಯ ಸರಳು ಹಿಡಿದುಕೊಂಡು, ಹೊರಗೆ ಯಾರಾದರೂ ಇದ್ದಾರೇನೋ ಎಂದೂ ನೋಡದೆ, ಗಟ್ಟಿಯಾಗಿ ಹೇಳಿಬಿಟ್ಟೆ: "ದೊಡ್ಡಾಯಿ, ಆಯಿ ಇನ್ನ ಉಂಡಿಲ್ಲ ಬೇ."