ಮೈದಾನಕ್ಕೆ ಅಂಗಳ ಬಡಿದದ್ದು

ನನ್ನ ಬಾಯಿ ಒಳ್ಳೆಯದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಏನು ಕೆಟ್ಟಿತೋ ಅದೆಲ್ಲ ಈ ಬಾಯಿಯಿಂದಲೇ ಕೆಟ್ಟದ್ದು. ದುಬೈಯಲ್ಲಿ ಹುಲ್ಲು ಹಾಸುವ, ಗಿಡ ನೆಡುವ ಕಂಪನಿಯೊಂದರಲ್ಲಿ ನಾನು ಫೋರ್‌ಮನ್. ಊರು ಉಡುಪಿಯ ಕಡೆ. ಜೆಬೆಲ್ ಅಲಿಯ ಕೆಲಸಗಾರರ ಕ್ಯಾಂಪಿನಲ್ಲಿ ನನ್ನ ಬೆನ್ನ ಹಿಂದೆ ನನಗೊಂದು ಅಡ್ಡಹೆಸರು ಇಟ್ಟಿದ್ದಾರೆ ಎಂಬುದೂ ಗೊತ್ತು. ಅದು ಇಲ್ಲಿ ಬೇಡ.

ಎರಡು ವರ್ಷದ ಹಿಂದೆ ಒಂದು ಹಳೆಯ ಬೇಸ್‌ಬಾಲ್ ಸ್ಟೇಡಿಯಂನ ಕೆಲಸ ನಮಗೆ ಬಂತು. ಹಳೆ ಹುಲ್ಲು ಕಿತ್ತು, ನೆಲ ಸಮ ಮಾಡಿ, ಪೈಪು ಬದಲಿಸಿ ಹೊಸ ಹುಲ್ಲು ಹಾಸಬೇಕು. ಆಟದ ಮಣ್ಣನ್ನು ಪೂರ್ತಿ ತೆಗೆದು ಹೊಸದು ಹಾಕಬೇಕು. ಬೇಸ್‌ಬಾಲ್ ಎಂದರೆ ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಕ್ರಿಕೆಟ್ಟಿಗೆ ದೂರದ ಸಂಬಂಧ ಇರಬೇಕು. ಹುಲ್ಲಿನ ಪಕ್ಕ ಕೆಂಪು ಮಣ್ಣಿನ ಅಗಲ ಜಾಗ, ಅದಕ್ಕೆ ನಾಲ್ಕು ಮೂಲೆ, ನಡುವೆ ಚೆಂಡು ಎಸೆಯುವವನಿಗೆ ನಿಲ್ಲಲು ಒಂದು ಸಣ್ಣ ದಿಬ್ಬ. ಹೊಡೆದವನು ಮೂಲೆಯಿಂದ ಮೂಲೆಗೆ ಓಡುತ್ತಾನೆ. ಔಟಾಗುವ ಹೆದರಿಕೆ ಇದ್ದರೆ ಮಣ್ಣಿನ ಮೇಲೆ ಜಾರಿಕೊಂಡು ಹೋಗಿ ಮೂಲೆ ಮುಟ್ಟುತ್ತಾನೆ. ಇಷ್ಟು ತಿಳಿದರೆ ಸಾಕು.

ಆ ಮೈದಾನ ನೋಡಿಕೊಳ್ಳುತ್ತಿದ್ದವರು ಮಂಗಳೂರಿನ ಆಚೆಯ ಒಬ್ಬ ಬ್ಯಾರಿ ಮುದುಕರು. ಎಲ್ಲರಿಗೂ ಕಾಕಾ, ನನಗೂ ಕಾಕಾ. ಇಪ್ಪತ್ತು ವರ್ಷದಿಂದ ಅಲ್ಲಿನ ಹುಲ್ಲಿಗೆ ನೀರು ಬಿಟ್ಟವರು. ನಮ್ಮಿಬ್ಬರ ಮಾತು ಅರ್ಧ ತುಳು, ಅರ್ಧ ಕನ್ನಡ. ನಾನು ಮೊದಲ ದಿನ ಹೋದಾಗ ಹಿಂದಿನ ಸಂಜೆಯಷ್ಟೇ ಹಳೆ ಮೈದಾನದ ಕೊನೆಯ ಮ್ಯಾಚ್ ಮುಗಿದಿತ್ತು. ಕಾಕಾ ಮಣ್ಣು ಸಮ ಮಾಡುವ ಹಲ್ಲಿನ ರೇಕ್ ಹಿಡಿದು ನಿಂತವರು ನನ್ನನ್ನು ಕರೆದು ಮಣ್ಣು ತೋರಿಸಿದರು.

"ಇಲ್ಲಿ ನೋಡು, ಒಬ್ಬ ಜಾರಿದ್ದಾನೆ. ಎಡಗಾಲು ಮುಂದೆ. ಇದು ಮೊಣಕೈ ಊರಿದ್ದು. ಮೂಲೆ ಮುಟ್ಟಿದ್ದಾನೆ, ಆದ್ರೆ ತಡ ಆಗಿದೆ."

"ತಡ ಆದದ್ದು ನಿಮಗೆ ಹೇಗೆ ಗೊತ್ತು?"

"ಗೆದ್ದವ ಎದ್ದು ಅಲ್ಲೇ ನಿಲ್ತಾನೆ ಮಾರಾಯ. ಇವ ಎದ್ದು ಸೀದಾ ಆಚೆ ನಡ್ದಿದ್ದಾನೆ. ಕಾಲು ಎಳ್ಕೊಂಡು ಹೋದದ್ದು ಕಾಣ್ತದಲ್ಲ?"

ಕಾಣುತ್ತಿತ್ತು. ಹೇಳಿದ ಮೇಲೆ ನನಗೂ ಕಾಣುತ್ತಿತ್ತು.

"ಹಾಗಾದ್ರೆ ಮ್ಯಾಚ್ ನೋಡಿದ್ರಾ?"

"ನಾನಾ? ನಾನೆಲ್ಲಿ ನೋಡ್ಲಿಕ್ಕೆ!" ಎಂದು ನಕ್ಕರು.

ಅವರ ಡ್ಯೂಟಿ ನಸುಕಿನ ನಾಲ್ಕಕ್ಕೆ. ಮಧ್ಯಾಹ್ನಕ್ಕೆ ಕಂಪನಿಯ ಬಸ್ಸು ಬಂದು ಎತ್ತಿಕೊಂಡು ಕ್ಯಾಂಪಿಗೆ ಹಾಕುತ್ತದೆ. ಮ್ಯಾಚುಗಳೆಲ್ಲ ಸಂಜೆ. ಇಪ್ಪತ್ತು ವರ್ಷ ಸುಣ್ಣದ ಗೆರೆ ಎಳೆದ ಮನುಷ್ಯ ಒಂದು ಆಟವನ್ನೂ ಕಣ್ಣಲ್ಲಿ ನೋಡಿರಲಿಲ್ಲ. ಮರುದಿನ ಬೆಳಿಗ್ಗೆ ಬಂದು ಮಣ್ಣಿನಲ್ಲಿ ಓದುತ್ತಿದ್ದರು, ಓದಿ ಅಳಿಸುತ್ತಿದ್ದರು.

ಈಗ ಅವರು ಊರಿಗೆ ಹೊರಟಿದ್ದರು. ವೀಸಾ ಕ್ಯಾನ್ಸಲ್, ಮೊಮ್ಮಗಳ ನಿಕಾಹ್, ಮತ್ತೆ ಬರುವುದಿಲ್ಲ. ಹೊಸ ಮೈದಾನದ ಮೊದಲ ಮ್ಯಾಚಿನ ಮರುದಿನಕ್ಕೇ ಟಿಕೆಟ್ ಮಾಡಿಸಿಕೊಂಡಿದ್ದರು. ಸ್ಟೇಡಿಯಂನ ಮ್ಯಾನೇಜರ್, ಒಳ್ಳೆಯ ಮನುಷ್ಯ, ಅವತ್ತು ನಿಮಗೆ ಮೈದಾನದ ಒಳಗೇ ಕುರ್ಚಿ ಹಾಕಿಸುತ್ತೇನೆ ಎಂದು ಮಾತು ಕೊಟ್ಟಿದ್ದ. ಕಾಕಾ ಅದನ್ನು ನನಗೆ ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ. "ಬಿಳಿ ಅಂಗಿ ಇಸ್ತ್ರಿ ಮಾಡಿ ಇಟ್ಟಿದ್ದೇನೆ" ಎನ್ನುತ್ತಿದ್ದರು. "ಗೊತ್ತುಂಟು ಕಾಕಾ, ನಿನ್ನೆಯೂ ಹೇಳಿದ್ರಿ" ಎಂದು ನಾನು ರೇಗುತ್ತಿದ್ದೆ.

ಹುಲ್ಲಿನ ಕೆಲಸ ಚೆನ್ನಾಗಿ ಹೋಯಿತು. ಆಮೇಲೆ ಮಣ್ಣು ಬಂತು, ಹಡಗಿನಲ್ಲಿ, ಚೀಲ ಚೀಲ. ಮೊದಲ ಚೀಲ ಬಿಚ್ಚಿದಾಗ ನನ್ನ ತಲೆ ಕೆಟ್ಟಿತು. ನಮ್ಮೂರಿನದೇ ಬಣ್ಣ! ವರ್ಷಗಟ್ಟಲೆ ಬಿಳಿ ಮರಳನ್ನೇ ನೋಡಿದ ಕಣ್ಣಿಗೆ ಹಿಡಿ ಕೆಂಪು ಮಣ್ಣು ಕಂಡರೆ ಏನಾಗುತ್ತದೆ ಎಂದು ಊರಲ್ಲೇ ಇದ್ದವರಿಗೆ ಹೇಳಿ ಅರ್ಥ ಮಾಡಿಸಲಾಗದು. ನನ್ನ ಕೈಕೆಳಗಿನ ಐದು ಮಂದಿಯೂ ಕರಾವಳಿಯವರೇ. ಮಳೆಗಾಲ ಮುಗಿದ ಮೇಲೆ ಅಂಗಳ ಕೆತ್ತಿ, ನೀರು ಹಾಕಿ, ಹಿಡಿ ಇರುವ ಮರದ ಮಣೆಯಿಂದ ಬಡಿದು ಬಡಿದು ನುಣ್ಣಗೆ ಮಾಡುತ್ತೇವಲ್ಲ, ಅದು ಆರು ಜನರ ಕೈಗೂ ನೆನಪಾಯಿತು. ಕಾರ್ಪೆಂಟರನಿಂದ ಮಣೆ ಮಾಡಿಸಿದೆ. ಬಡಿಯಲು ಕುಳಿತೆವು.

ಕಾಕಾ ಓಡಿ ಬಂದರು. "ಎಂಥ ಮಾಡ್ತಿದ್ದೀಯಾ? ಇಷ್ಟು ಗಟ್ಟಿ ಬೇಡ ಮಾರಾಯ. ಅಂಗಳದಲ್ಲಿ ನಾವು ಭತ್ತ ಹಾಕ್ತೇವೆ. ಇಲ್ಲಿ ಮನುಷ್ಯರು ಬೀಳ್ತಾರೆ."

ಐದು ಜನರ ಎದುರು ನನಗೆ ಬುದ್ಧಿ ಹೇಳುವುದೆಂದರೇನು? "ನೀವು ಹುಲ್ಲು ನೋಡ್ಕೊಳ್ಳಿ ಕಾಕಾ. ಮಣ್ಣು ನನಗೆ ಬಿಡಿ. ಹೇಗೂ ಹತ್ತು ದಿನದಲ್ಲಿ ಹೋಗುವವರಲ್ವಾ ನೀವು!" ಎಂದುಬಿಟ್ಟೆ.

ಅವರು ನಲ್ಲಿಯ ಹತ್ತಿರ ಹೋಗಿ ಪೈಪು ಹಿಡಿದು ನಿಂತರು.

ಮುಗಿದಾಗ ಆ ನೆಲ ಹೇಗಿತ್ತು ಗೊತ್ತೇ! ಅಂಗೈ ಇಟ್ಟರೆ ತಂಪು, ಒಂದು ಬಿರುಕಿಲ್ಲ. "ನಮ್ಮಜ್ಜಿ ಇದ್ದಿದ್ರೆ ಈಗ ಸಗಣಿ ಸಾರಿಸ್ತಿದ್ಲು" ಎಂದ ಒಬ್ಬ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು.

ಮ್ಯಾಚಿಗೆ ಎರಡು ದಿನ ಇರುವಾಗ ತಂಡದ ಕೋಚ್ ಬಂದ. ಕಾರಿನ ಕೀ ತೆಗೆದು ನೆಲಕ್ಕೆ ಚುಚ್ಚಿದ. ಹೋಗಲಿಲ್ಲ. ಇನ್ನೊಂದು ಕಡೆ ಚುಚ್ಚಿದ. ಅಲ್ಲೂ ಹೋಗಲಿಲ್ಲ. ನನ್ನ ಮುಖ ನೋಡಿ, ಇದರ ಮೇಲೆ ಜಾರಿದರೆ ನನ್ನ ಆಟಗಾರರ ತೊಡೆಯ ಚರ್ಮ ಇಲ್ಲೇ ಉಳಿಯುತ್ತದೆ, ಮೇಲಿನ ಮಣ್ಣು ಸಡಿಲ ಇರಬೇಕು, ಪೂರ್ತಿ ಕೆತ್ತಿ ಮತ್ತೆ ಮಾಡಿ ಎಂದ. ಐದು ದಿನದ ಕೆಲಸ. ಮ್ಯಾಚನ್ನು ಮುಂದಕ್ಕೆ ಹಾಕಿದರು. ಕಾಕಾನ ಟಿಕೆಟ್ ಮುಂದಕ್ಕೆ ಹೋಗುವ ಹಾಗಿರಲಿಲ್ಲ. ನಿಕಾಹ್ ಯಾರಿಗಾಗಿಯೂ ಕಾಯುವುದಿಲ್ಲ.

ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬರುತ್ತದೆಯೇ? ಆ ಮಧ್ಯಾಹ್ನ ನಾನು ಊಟ ಮಾಡಲಿಲ್ಲ. ನಾಚಿಕೆಯಾಯಿತು, ಬಾಯಿಬಿಟ್ಟು ಹೇಳುತ್ತೇನೆ, ಬದುಕಿನಲ್ಲಿ ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ. ಮರುದಿನ ನಸುಕಿನಲ್ಲಿ ನಾವು ಕೆತ್ತಲು ಶುರು ಮಾಡಿದಾಗ ಕಾಕಾ ತಾವಾಗಿಯೇ ಪಿಕಾಸಿ ಹಿಡಿದು ನನ್ನ ಪಕ್ಕ ಬಂದು ನಿಂತರು. ಎಷ್ಟು ನೀರು, ಎಷ್ಟು ಸಡಿಲ ಎಂದು ಬೆರಳು ಇಳಿಸಿ ತೋರಿಸಿದರು. ಒಂದು ಗೆಣ್ಣು ಇಳಿದರೆ ಸರಿ, ಎರಡು ಇಳಿದರೆ ಜಾಸ್ತಿ.

"ಕಾಕಾ, ನನ್ನಿಂದ ನಿಮ್ಮ ಮ್ಯಾಚ್..." ಎಂದೆ.

"ಮಂಡೆಬೆಚ್ಚ ಮಾಡ್ಬೇಡ. ಇಪ್ಪತ್ತು ವರ್ಷ ನೋಡ್ಲಿಲ್ಲ. ಇನ್ನು ನೋಡದಿದ್ರೆ ಸಾಯ್ತೇನಾ?"

ಆದರೆ ಏರ್‌ಪೋರ್ಟಿಗೆ ಬಿಡಲು ಹೋದಾಗ ನೋಡಿದೆ, ಆ ಇಸ್ತ್ರಿ ಮಾಡಿದ ಬಿಳಿ ಅಂಗಿಯನ್ನೇ ಹಾಕಿಕೊಂಡಿದ್ದರು.

ಅವರು ಹೋದ ಮೂರನೆಯ ದಿನ ಮ್ಯಾಚ್ ನಡೆಯಿತು. ಏನಾದರೂ ಕೆಟ್ಟರೆ ಇರಲಿ ಎಂದು ನನ್ನನ್ನು ಅಲ್ಲೇ ನಿಲ್ಲಿಸಿದ್ದರು. ಮ್ಯಾನೇಜರ್ ಮರೆತಿರಲಿಲ್ಲ, ಬೇಲಿಯ ಪಕ್ಕದ ಮಣ್ಣಿನ ಪಟ್ಟಿಯಲ್ಲಿ, ನಲ್ಲಿಯ ಹತ್ತಿರ, ಆ ಕುರ್ಚಿ ಹಾಕಿಸಿದ್ದ. "ಅವರಿಲ್ಲವಲ್ಲ, ನೀನೇ ಕೂತ್ಕೋ" ಎಂದ. ಜನ ಕೂಗಿದರು, ಚಪ್ಪಾಳೆ ತಟ್ಟಿದರು. ಯಾರು ಗೆದ್ದರೋ ನನಗೆ ಗೊತ್ತಾಗಲಿಲ್ಲ.

ಮರುದಿನ ಬೆಳಕು ಹರಿಯುವ ಹೊತ್ತಿಗೆ, ಯಾರೂ ರೇಕ್ ಮುಟ್ಟುವ ಮೊದಲು, ಮೈದಾನಕ್ಕೆ ಹೋದೆ. ಇಲ್ಲಿ ವಾಟ್ಸಾಪಿನಲ್ಲಿ ಕಾಲ್ ಆಗುವುದಿಲ್ಲ. ಕಾಕಾನ ಮೊಮ್ಮಗಳಿಗೆ ಹೇಳಿ ಬೇರೆ ಆ್ಯಪ್ ಹಾಕಿಸಿದ್ದೆ. ಫೋನಿನಲ್ಲಿ ಕಾಕಾನ ಮುಖ ಬಂತು, ಹಿಂದೆ ನಿಕಾಹ್‌ಗೆ ಕಟ್ಟಿದ ಚಪ್ಪರ. ನಾನು ಫೋನನ್ನು ಮಣ್ಣಿನ ಕಡೆ ತಿರುಗಿಸಿದೆ.

ಕಾಕಾ ಕನ್ನಡಕ ತರಿಸಿಕೊಂಡರು. ಆಮೇಲೆ, "ಅಲುಗಾಡಿಸ್ಬೇಡ. ಕೆಳಗೆ ಹಿಡಿ. ಹಾಂ, ಇಲ್ಲಿ ಒಬ್ಬ ಜಾರಿದ್ದಾನೆ. ಉದ್ದ ಜಾರಿದ್ದಾನೆ ಕಳ್ಳ! ಮುಟ್ಟಿದ, ಎದ್ದ, ಅಲ್ಲೇ ನಿಂತ. ನೋಡು, ಕುಣಿದಿದ್ದಾನೆ. ದಿಬ್ಬಕ್ಕೆ ಹೋಗು. ಅಯ್ಯೋ, ಎಸೆಯುವವ ತುಂಬ ಹೊತ್ತು ಯೋಚನೆ ಮಾಡಿದ್ದಾನೆ ಪಾಪ, ಕಾಲಲ್ಲಿ ಗುಂಡಿ ತೋಡಿದ್ದಾನೆ."

ಹೀಗೆ ಮೂಲೆ ಮೂಲೆಗೂ ನಡೆಸಿದರು. ನಾನು ಮೂರು ಗಂಟೆ ನೋಡಿಯೂ ಅರ್ಥವಾಗದ ಮ್ಯಾಚನ್ನು ಅವರು ನನಗೆ ಅರ್ಧ ಗಂಟೆಯಲ್ಲಿ ಹೇಳಿದರು. ಕೊನೆಗೆ ಬೇಲಿಯ ಕಡೆ ಬಂದೆವು.

"ಅದು ಎಂಥದು, ನಲ್ಲಿ ಹತ್ತಿರ?"

"ಕುರ್ಚಿ ಕಾಕಾ. ನಿಮ್ಮದು."

"ಎತ್ತು. ಅಡಿ ತೋರಿಸು."

ಎತ್ತಿದೆ. ಮಣ್ಣಿನಲ್ಲಿ ನಾಲ್ಕು ಸಣ್ಣ ಚುಕ್ಕಿ, ಅಷ್ಟೆ. ಅದರ ಪಕ್ಕದಲ್ಲಿ ನನ್ನ ಬೂಟು ಒಂದೇ ಕಡೆ ತುಳಿದು ತುಳಿದು ಹೊಂಡ ಮಾಡಿತ್ತು.

"ಕುರ್ಚಿಯ ಕಾಲು ಮಣ್ಣಿಗೆ ಇಳಿದೇ ಇಲ್ಲ. ಯಾರೂ ಕೂತಿಲ್ಲ" ಎಂದರು. ಆಮೇಲೆ ಅವರಿಗೆ ಬೂಟಿನ ಹೊಂಡ ಕಂಡಿತು. "ಪೂರ್ತಿ ಮ್ಯಾಚ್ ಬದಿಯಲ್ಲಿ ನಿಂತೇ ನೋಡಿದ್ಯಾ? ಮರುಳು ಅಂಡೆಪಿರ್ಕಿ! ಕಾಲು ನೋವಾಗ್ಲಿಲ್ವಾ?"

ಕ್ಷಮಿಸಿ ಎಂದು ಹೇಳಲು ಬಾಯಿ ತೆರೆದೆ. ಆ ಕೆಟ್ಟ ಬಾಯಿಗೆ ಅವತ್ತು ಒಂದು ಮಾತೂ ಬರಲಿಲ್ಲ.

"ಆಯ್ತು, ಆಯ್ತು. ಯಲ್ಲಾ, ಬೇಗ ಬೇಗ ರೇಕ್ ಹಾಕು ಇನ್ನು. ಬಿಸಿಲು ಬಂದ್ರೆ ಮಣ್ಣು ಬಿಗೀತದೆ."

ಕುರ್ಚಿಯನ್ನು ಮೈದಾನದ ಕಡೆ ತಿರುಗಿಸಿ ಇಟ್ಟು, ಫೋನನ್ನು ಅದರ ಮೇಲೆ ಒರಗಿಸಿ, ರೇಕ್ ತಂದೆ. ನಾಲ್ಕು ಮೂಲೆ, ದಿಬ್ಬ, ಬೇಲಿಯ ಪಟ್ಟಿ ಎಲ್ಲ ಮುಗಿಯಲು ಒಂದು ಗಂಟೆ ಹಿಡಿಯಿತು. ಕಾಕಾ ಅಲ್ಲಿಯವರೆಗೂ ಫೋನ್ ಇಡಲಿಲ್ಲ.